ಚಂಚಿಯೊಳಗಿನ ಕಂಪ್ಯೂಟರ್

ಮಕ್ಕಳೇ, ನಮ್ಮ ಸದಲಗಾ ಮನೆಯಲ್ಲಿ ಕಂಪ್ಯೂಟರ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನ್ನ ನಾದಿನಿಯ ಸೊಂಟ ತೋರಿಸಿರಿ. ಅಲ್ಲಿ ಸಿಕ್ಕಿಸಿಕೊಂಡ ಎಲೆ-ಅಡಿಕೆ ಚಂಚಿಯ ಒಂದು ಖಾನೆಯಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ನಿಪ್ಪಾಣಿ ತಂಬಾಕು, ಕೊನೆಯದರಲ್ಲಿ ಕಿರುಬೆರಳಿನಷ್ಟು ಪೆನ್ ಡ್ರೈವ್. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್!

ನಿಮ್ಮ ಅಪ್ಪ ಓದುವಾಗ ಕೊಂಡ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಾಗ ಚಿಕ್ಕೋಡಿಯ ರಿಪೇರಿಯವನು, "ಗುಜರಿಗೆ ಹಾಕ್ರಿ" ಎಂದ. ಇವಳು ಏಳಲಿಲ್ಲ. "ಅದಿಲ್ದ ನಡಿಯೂದು ಏನೂ ಇಲ್ಲೇನ್ರಿ?" ಎನ್ನುತ್ತಾ ಮಧ್ಯಾಹ್ನದವರೆಗೆ ಅವನ ಸ್ಟೂಲಿನ ಮೇಲೇ ಕುಳಿತಳು. ಬೇಸತ್ತು ಅವನು ಪೆನ್ ಡ್ರೈವಿಗೆ ಲಿನಕ್ಸ್ ಹಾಕಿಕೊಟ್ಟ. ಅದನ್ನು ಕಂಪ್ಯೂಟರಿಗೆ ಚುಚ್ಚಬೇಕು, ಸ್ವಿಚ್ ಹಾಕಿದ ಕೂಡಲೇ ಎಫ್-ಹನ್ನೆರಡು ಗುಂಡಿ ಒತ್ತಬೇಕು, ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಬೇಕು. ಆ ಗಳಿಗೆ ಹಿಡಿಯಲು ಇವಳಿಗೆ ಎಂಟು ದಿನ ಹಿಡಿಯಿತು. ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದಳು.

ಒಮ್ಮೆ ಪೆನ್ ಡ್ರೈವಿನ ಬಾಯಿಗೆ ಸುಣ್ಣ ಮೆತ್ತಿತು. ಸೂಜಿಯಿಂದ ಕೆರೆಯುತ್ತಿದ್ದಳು.

"ತಂಬಾಕರ ಬಿಡು ಯವ್ವಾ, ಇಲ್ಲಾ ಕಂಪ್ಯೂಟರರ ಬಿಡು" ಎಂದೆ, ಅತ್ತಿಗೆಯ ಅಧಿಕಾರದಿಂದ.

"ಎರಡೂ ಬಿಡಂಗಿಲ್ರಿ ವೈನಿ. ಸುಣ್ಣದ ಡಬ್ಬಿ ಜಾಗಾ ಬದಲಿ ಮಾಡ್ತೀನಿ."

ಉಗಾರ ಬುದ್ರುಕದಲ್ಲಿ ಬಳಗದವರ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ನಾವೆಲ್ಲ ಜೋಗುಳ ಹಾಡುತ್ತಿದ್ದರೆ ಇವಳು ಅವರ ಕಂಪ್ಯೂಟರಿಗೆ ತನ್ನದನ್ನು ಚುಚ್ಚಿದ್ದಳು! ಮನೆಯ ಯಜಮಾನ ಓಡಿ ಬಂದ. "ಅತ್ತಿ, ನಮ್ಮದು ಕೆಡತೈತ್ರಿ!"

"ನಿಮ್ಮದು ಮುಟ್ಟಂಗಿಲ್ಲೋ ತಮ್ಮಾ. ನನ್ನ ಬುತ್ತಿ ನಾ ತಂದೀನಿ. ನಿಮ್ಮ ಕಟ್ಟಿ ಮ್ಯಾಲ ಕುಂತು ಉಂಡು ಹೋಗ್ತೀನಿ, ಅಷ್ಟ."

ನಿಮಗಾಗಿ ಏನಾದರೂ ಬರೆದಿಡಬೇಕೆಂಬ ಆಸೆ ನನಗಿತ್ತು. ಆದರೆ ಯಾರಾದರೂ ನೋಡಿಯಾರೆಂಬ ನಾಚಿಕೆ. "ಇದರಾಗ ಬರೀರಿ. ಕಿತ್ತು ಚಂಚ್ಯಾಗ ಇಟ್ಟರ ಯಾರಿಗೂ ಕಾಣಂಗಿಲ್ಲ" ಎಂದಳು. ನಿಮ್ಮ ಅಜ್ಜ ನನ್ನನ್ನು ನೋಡಲು ನನ್ನ ತವರೂರಾದ ಐಗಳಿಗೆ ಬಂದ ದಿನದ ಬಗ್ಗೆ ಒಂದು ಪುಟ ಬರೆದೆ. ಧೈರ್ಯ ಮಾಡಿ ಅವಳಿಗೆ ಒಮ್ಮೆ ಓದಿಯೂ ಹೇಳಿದೆ. ಮರುದಿನ ನೋಡಿದರೆ ಪುಟವೇ ಇಲ್ಲ. ಆ ಪೆನ್ ಡ್ರೈವಿನಲ್ಲಿ ಲಿನಕ್ಸ್ ಓಡುತ್ತಿತ್ತು, ಆದರೆ ಬರೆದದ್ದು ಉಳಿಯಲು ಬೇರೆ ಜಾಗ ಮಾಡಬೇಕಿತ್ತಂತೆ. ಅಂದೇ ಚಿಕ್ಕೋಡಿಯ ಬಸ್ ಹತ್ತಿ ಅದನ್ನು ಮಾಡಿಸಿಕೊಂಡು ಬಂದಳು.

"ಈಗ ಬರೀರಿ ವೈನಿ."

"ಇನ್ನೊಮ್ಮೆ ನನ್ನಿಂದ ಆಗೂದಿಲ್ಲ" ಎಂದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆ ಒಂದು ಪುಟಕ್ಕೆ ನನಗೆ ಹನ್ನೊಂದು ವರ್ಷ ಬೇಕಾಗಿತ್ತು.

ನಾಲ್ಕು ಮಧ್ಯಾಹ್ನ ಅವಳು ಒಂದೇ ಬೆರಳಿನಲ್ಲಿ ಗುಂಡಿ ಕುಟ್ಟುವ ಸದ್ದು ಕೇಳಿತು. ಐದನೆಯ ದಿನ ನನ್ನನ್ನು ಕರೆದು ಕೂರಿಸಿದಳು. ಪರದೆಯ ಮೇಲೆ ನನ್ನ ಪುಟ. ಒಮ್ಮೆ ಕೇಳಿದ್ದನ್ನೇ ನೆನಪಿಟ್ಟು ಬರೆದಿದ್ದಳು: ಅಣ್ಣನ ಜೊತೆ ತಾನೂ ಲಂಗ ಉಟ್ಟು ಬಂದದ್ದು, ಎಲ್ಲರೂ ಹೊರಟ ಮೇಲೆ ನಿಮ್ಮ ಅಜ್ಜ ಟವೆಲ್ ಮರೆತೆನೆಂದು ಒಬ್ಬರೇ ಹಿಂದಿರುಗಿ ನನ್ನ ಕೈಯಿಂದ ನೀರು ಕುಡಿದದ್ದು.

ಅದರ ಕೆಳಗೆ ನಾನು ಬರೆಯದ ಒಂದು ಸಾಲಿತ್ತು.

"ವೈನಿ, ಟವೆಲ್ ನನ್ನ ಕೈಯಾಗ ಇತ್ರಿ. ಹಿಡ್ಕೋ ಅಂತ ಅಣ್ಣನೇ ಕೊಟ್ಟು ತಿರುಗಿ ನಿಮ್ಮ ಮನಿಗೆ ಹೋಗಿದ್ದ."