ಅವರು ಇಲ್ಲವೆಂದರು, ನಾನು ಎರಡಿವೆ ಎಂದೆ

ಗಣಿತದ ಮೇಡಂ ಎಂದರೆ ಜನಕ್ಕೆ ಒಂಚೂರು ಭಯವಿರಬೇಕು. ನನ್ನ ಪಾಲಿಗೆ ಬಂದಿರುವುದು ಬರೀ ಅನುಮಾನ. ಕುಣಿಗಲ್ಲಿನಲ್ಲಿ ಪಾಠ ಮಾಡುವಾಗಲೂ ಅಷ್ಟೇ, ತುಮಕೂರಿಗೆ ಬಂದ ಮೇಲೂ ಅಷ್ಟೇ. ವರ್ಗಸಮೀಕರಣ ಶುರುವಾದರೆ ಸಾಕು, ಯಾರಾದರೊಬ್ಬರು ನನ್ನನ್ನು ಓರೆಗಣ್ಣಲ್ಲಿ ನೋಡುತ್ತಾರೆ. ಈ ಸಲ ಮಾತ್ರ ಆ ಅನುಮಾನ ಹುಡುಕಿಕೊಂಡು ಮನೆಗೇ ಬಂತು.

೧. ಯಾವ ಸರ್?

ಕ್ಯಾತ್ಸಂದ್ರದ ನಮ್ಮ ಕಾಲೇಜು, ಮೊದಲ ಪಿಯುಸಿ ಕ್ಲಾಸು. ಬೋರ್ಡಿನ ಮೇಲೆ x² − 4x + 13 = 0 ಬರೆದೆ. ವರ್ಗಮೂಲದೊಳಗೆ ಮೈನಸ್ ಬಂದರೂ ಹೆದರಬೇಡಿ, i ಅಂತ ಒಂದಿದೆ, ಅದರ ವರ್ಗ ಮೈನಸ್ ಒಂದು ಎಂದು ಹೇಳಿ, 2 + 3i, 2 − 3i ಎಂದು ಎರಡು ಮೂಲ ತೆಗೆದು ತೋರಿಸಿದೆ. ನಿಟ್ಟೂರಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ಹೋದ ವರ್ಷ ಹತ್ತನೇ ಕ್ಲಾಸಿನಲ್ಲಿ ಇಂಥದ್ದೇ ಲೆಕ್ಕಕ್ಕೆ ‘ಮೂಲಗಳಿಲ್ಲ’ ಎಂದು ಬರೆದಿದ್ದಳಂತೆ. ಪೂರ್ತಿ ಮಾರ್ಕ್ಸೂ ಬಂದಿತ್ತಂತೆ.

“ಹಂಗಾದ್ರೆ ನಮ್ ಸರ್ ಸುಳ್ಳು ಹೇಳಿದ್ರಾ ಮಿಸ್?”

ಯಾವ ಸರ್ ಎಂದು ಕೇಳಿದೆ. ಗುಬ್ಬಿಯ ಹೈಸ್ಕೂಲು, ಗಣಿತದ ಸರ್ ಎಂದಳು. ಬೆಳಗ್ಗೆ ತಾನೇ ಆ ಸರ್‌ಗೆ ಚಿತ್ರಾನ್ನದ ಡಬ್ಬಿ ಕಟ್ಟಿ ಕಳಿಸಿ ಬಂದಿದ್ದೆ. ಅವರು ಯಾರೋ ನನಗೆ ಗೊತ್ತೇ ಇಲ್ಲವೆನ್ನುವಂತೆ ಮುಂದಿನ ಲೆಕ್ಕ ಬರೆದೆ.

೨. ಸ್ಟಾಫ್ ರೂಮಿನ ಕನಿಕರ

ಆ ಸರ್ ನನ್ನ ಗಂಡನೇ ಎಂದು ಯಾರು ಹೇಳಿದರೋ, ಮಧ್ಯಾಹ್ನದೊಳಗೆ ಇಡೀ ಕಾಲೇಜಿಗೆ ಗೊತ್ತಾಯಿತು: ಗಂಡ ಮೂಲ ಇಲ್ಲ ಅಂತಾರಂತೆ, ಹೆಂಡತಿ ಎರಡಿವೆ ಅಂತಾಳಂತೆ. ಮನೆಗೆ ಬಂದು ಅವರನ್ನೇ ಕೇಳಿದೆ. ಹತ್ತನೇ ಕ್ಲಾಸಿಗೆ ಇರುವುದು ನೈಜ ಸಂಖ್ಯೆಗಳಷ್ಟೇ, ಅದರಲ್ಲಿ ಹುಡುಕಿದರೆ ಇಲ್ಲ, ಅದಕ್ಕೇ ಇಲ್ಲ ಅಂದೆ ಎಂದರು. ನಾನು ಇಲ್ಲವೆಂದದ್ದನ್ನೆಲ್ಲ ಮಾರನೇ ವರ್ಷ ನೀನು ತಂದಿಟ್ಟರೆ ನನ್ನ ಮಾನ ಏನಾಗಬೇಕು ಎಂದು ನನ್ನ ಮೇಲೇ ತಿರುಗಿಬಿದ್ದರು. ಸಿಟ್ಟಿನಲ್ಲೇ ಊಟ ಬಡಿಸಿದೆ.

ಮಾರನೇ ದಿನ ಜೀವಶಾಸ್ತ್ರದ ಮೇಡಂ ನನ್ನನ್ನು ಮೂಲೆಗೆ ಕರೆದು, ನಿಮ್ಮಿಬ್ಬರಿಗೆ ಎಷ್ಟು ದಿನದಿಂದ ಹೀಗೆ, ಕೂರಿಸಿ ಬುದ್ಧಿ ಹೇಳೋಕೆ ಹಿರಿಯರು ಯಾರೂ ಇಲ್ಲವಾ ಎಂದು ಕೈ ಹಿಡಿದುಕೊಂಡರು.

೩. ಮಾಲು ಚೆಕ್ ಮಾಡುವವರು

ಹಿರಿಯರು ಭಾನುವಾರ ತಾವಾಗಿಯೇ ಬಂದರು. ಆ ಹುಡುಗಿಯ ಅಪ್ಪ, ಜೊತೆಗೆ ಮಗಳು. ಅಪ್ಪ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಚೆಕ್ ಮಾಡುವವರು. ತಪ್ಪು ಹುಡುಕುವುದಕ್ಕೇ ಸಂಬಳ. ನಮ್ಮ ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡಿಯೇ ಕೂತರು.

“ಒಂದೇ ಮನೆಯಿಂದ ಎರಡು ಥರ ಮಾಲು ಬತ್ತಾ ಐತೆ. ಯಾವ್ದೋ ಒಂದು ಡೂಪ್ಲಿಕೇಟು. ನಾಳೆನೇ ಮಗಳನ್ನ ಕಾಮರ್ಸಿಗೆ ಹಾಕ್ತೀನಿ.”

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಸೈನ್ಸೇ ಬೇಕು. ನನಗೂ ಅವಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇಡೀ ಕ್ಲಾಸಿನಲ್ಲಿ ಎದ್ದುನಿಂತು ಕೇಳಿದವಳು ಇವಳೊಬ್ಬಳೇ. ನಾವು ಗಂಡ ಹೆಂಡತಿ ಒಟ್ಟಿಗೇ ವಿವರಿಸಲು ಹೊರಟೆವು. ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಸೆಕೆ ಬೇರೆ. ಶರಬತ್ತಿಗೆ ಫ್ರಿಜ್ಜಿನಿಂದ ನಿಂಬೆಹಣ್ಣು ತನ್ನಿ ಎಂದು ಇವರನ್ನು ಕಳಿಸಿದೆ. ಬಾಗಿಲು ತೆಗೆದು ಒಂದಷ್ಟು ಹೊತ್ತು ನಿಂತರು.

“ನಿಂಬೆಹಣ್ಣಿಲ್ಲ ಕಣೇ.”

ಸರಿಯಾಗಿ ನೋಡಿ ಎಂದೆ. ಇಲ್ಲ ಅಂದರೆ ಇಲ್ಲ ಎಂದರು. ನಾನೇ ಹೋಗಿ ಮೊಸರಿನ ಪಾತ್ರೆ ಸರಿಸಿ, ಹಿಂದಿದ್ದ ಎರಡು ನಿಂಬೆಹಣ್ಣು ತಂದು ಟೇಬಲ್ಲಿನ ಮೇಲಿಟ್ಟೆ.

ಮಾಲು ಚೆಕ್ ಮಾಡುವವರು ಒಂದನ್ನು ಎತ್ತಿಕೊಂಡು ಒತ್ತಿ ನೋಡಿದರು. ಇನ್ನೊಂದನ್ನೂ ಒತ್ತಿದರು. ಆಮೇಲೆ ನನ್ನ ಗಂಡನನ್ನು ನೋಡಿದರು, ನನ್ನನ್ನೂ ನೋಡಿದರು. ಅವರ ಮುಖ ಸಡಿಲವಾಯಿತು, ಮಗಳ ಕಡೆ ತಿರುಗಿದರು.

“ಮೇಷ್ಟ್ರು ಸುಳ್ಳು ಹೇಳಿಲ್ಲ ಬುಡವ್ವ. ಅವ್ರು ನೋಡಿದ್ ಕಡೆ ಇರ್ಲಿಲ್ಲ, ಅಷ್ಟೇಯ. ನಮ್ ಮನೇಲೂ ನಂದು ಇದೇ ಕತೆ. ನೀನು ಮೇಡಂ ಹತ್ರನೇ ಓದ್ಕೋ.”

ಎರಡು ಲೋಟ ಶರಬತ್ತು ಕುಡಿದು ಹೊರಟರು. ಹುಡುಗಿ ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ನನ್ನ ಗಂಡನಿಗೆ ಮಾತ್ರ ಇವತ್ತಿಗೂ ಅನುಮಾನ: ಆ ನಿಂಬೆಹಣ್ಣನ್ನೂ ಆ i ಯನ್ನೂ ನಾನೇ ಮೊದಲು ಬಚ್ಚಿಟ್ಟು ಆಮೇಲೆ ತೆಗೆದು ತೋರಿಸಿದೆ ಎಂದು.