ಅಡುಗೆಮನೆ ಬಾಗಿಲಿನ ಮೈಕ್ರೋ ಆರ್‌ಎನ್‌ಎ

ಮಗಳನ್ನು ನೋಡಲು ಕುಂದಗೋಳದವರು ಬರುವ ದಿನ ಏನೇನು ಕೆಡಬಹುದಿತ್ತು ನೋಡಿ. ಬಸ್ಸು ಕೆಡಬಹುದಿತ್ತು, ಕರೆಂಟು ಹೋಗಬಹುದಿತ್ತು, ಮಿರ್ಚಿ ಖಾರಕ್ಕೆ ಹುಡುಗನ ಅಪ್ಪ ಕಣ್ಣೀರು ಹಾಕಬಹುದಿತ್ತು, ಗಾಬರಿಯಲ್ಲಿ ನಾನೇ ಹುಡುಗನ ಕಾಲಿಗೆ ಬೀಳಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮದುವೆಯಾದ ಮೇಲೂ ಸಂಶೋಧನೆ ಬಿಡುವುದಿಲ್ಲವೆಂಬ ಮಗಳ ಹಟ ಕೇಳಿ ಅವರು ಎದ್ದು ನಡೆಯಬಹುದಿತ್ತು. ಇಷ್ಟು ಸಾಲದೆಂಬಂತೆ ಮನೆಯಲ್ಲಿ ನಮ್ಮ ಅತ್ತೆ ಇದ್ದಳು.

ನನ್ನ ಅಪ್ಪನ ಅಕ್ಕ ಈಕೆ. ಒಲೆ ಮುಟ್ಟುವುದು ಬಿಟ್ಟು ವರ್ಷಗಳಾದವು, ಆದರೂ ನಮ್ಮ ಮನೆಯಲ್ಲಿ ಏನು ಬೇಯಬೇಕೆಂಬುದು ಅವಳ ಕೈಯಲ್ಲೇ! ಹೇಗೆ ಅಂತೀರಾ? ಅಡುಗೆಮನೆ ಬಾಗಿಲಲ್ಲಿ ಜಮಖಾನ ಹಾಸಿ ಕೂತುಬಿಡುತ್ತಾಳೆ. ಪಡಸಾಲೆಯಿಂದ ಯಾರೇ ಬಂದು "ಇನ್ನೂ" ಅಂದರೆ ಮುಗಿಯಿತು, ಮುಂದಿನದು ಅವಳ ಕಿವಿಗೆ ಬೇಡ.

"ಇನ್ನೂ ಒಂದ ಬಾಣಲಿ ಮಿರ್ಚಿ ಕರದ..." ಅವತ್ತು ನಾನೇ ಹೋಗಿ ಅಂದೆ.

"ಸಾಕು. ನಡಿ."

"ಅತ್ತೀ, ಪೂರಾ ಕೇಳ ಬೇ."

"ಪೂರಾ ಕೇಳ್ಕೋತ ಕುಂತಿದ್ರ ಈ ಮನಿ ದಿನಾ ಮದವಿಮನಿ ಆಕ್ಕಿತ್ತಲೇ."

ಬಂದವರು ಕೂತರು. ಹುಡುಗನ ತಾಯಿ ನನ್ನ ಮಗಳನ್ನು ಕೇಳಿದರು, "ಏನ ಓದಾಕತ್ತೀಯವಾ?"

"ಮೈಕ್ರೋ ಆರ್‌ಎನ್‌ಎ ಬಗ್ಗೆ ರೀ."

ನಾನು ಮಿರ್ಚಿ ತಟ್ಟೆ ಮುಂದೆ ಸರಿಸಿ ಮಾತು ಮರೆಸಲು ನೋಡಿದೆ. ಮಗಳು ಮಾತ್ರ ಬಾಗಿಲ ಕಡೆ ಕೈ ಮಾಡಿದಳು.

"ಅಲ್ಲೆ ಕುಂತಾರಲ್ರಿ ನಮ್ಮಜ್ಜಿ, ಹಂಗ ಅದು. ಜೀವಕೋಶದಾಗ ವಂಶವಾಹಿಯಿಂದ ಸಂದೇಶ ಬರ್ತಾವ್ರಿ, ಇಂಥಾ ಪ್ರೋಟೀನ್ ಮಾಡ್ರಿ ಅಂತ. ಈ ಮೈಕ್ರೋ ಆರ್‌ಎನ್‌ಎ ಒಂದ ಸಣ್ಣ ತುಣುಕು. ತಾನು ಯಾವ ಪ್ರೋಟೀನೂ ಮಾಡಂಗಿಲ್ಲ. ಸಂದೇಶ ಪೂರಾನೂ ಓದಂಗಿಲ್ಲ. ಏಳೆಂಟ ಅಕ್ಷರ ಹೊಂದಿದ್ರ ಸಾಕು, ಹೋಗಿ ಹಿಡ್ಕೋತೈತಿ. ಆ ಪ್ರೋಟೀನ್ ತಯಾರಾಗೂದು ಕಮ್ಮಿ ಆಕ್ಕೈತಿ, ಸಂದೇಶನೂ ಹಾಳಾಗಿ ಹೊಕ್ಕೈತಿ. ಇದಿಲ್ಲಂದ್ರ ಜೀವಕೋಶಕ್ಕ ಹದ್ದಬಸ್ತ ಇರೂದಿಲ್ರಿ."

"ಹಂಗಾರ ನಮ್ಮ ಮನ್ಯಾಗ ಅದು ನಾನ ಬಿಡು," ಎಂದರು ಆ ತಾಯಿ. ಪಕ್ಕದಲ್ಲಿ ಗಂಡ ಕೆಮ್ಮಿದರು.

ನಾನು ಉಬ್ಬಿಹೋದೆ. ಅತ್ತೆಯೊಳಗೆ ಇಷ್ಟು ದೊಡ್ಡ ವಿಜ್ಞಾನ ಕೂತಿದೆ ಎಂದು ಯಾರಿಗೆ ಗೊತ್ತಿತ್ತು! ಅಷ್ಟರಲ್ಲಿ ಕೆಮ್ಮು ಮುಗಿಸಿದ ಹುಡುಗನ ಅಪ್ಪ ನನ್ನ ಕಡೆ ತಿರುಗಿದರು.

"ಇನ್ನೂ ಎಷ್ಟಂತ ಓದಸ್ತೀರಿ ಹುಡುಗೀನ..."

"ಸಾಕು," ಬಾಗಿಲಿನಿಂದ ಬಂತು.

ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ನಾ ನಾಕನೇ ಇಯತ್ತೆ ಓದೂವಾಗ ಇದ ಮಾತು ಬಂದಿತ್ರಿ ನಮ್ಮ ಮನಿಗೆ. ಅವತ್ತ ಬಾಗಲದಾಗ ಯಾರೂ ಕುಂತಿರ್ಲಿಲ್ಲ."

ಹುಡುಗ ಮೊದಲ ಸಲ ಬಾಯಿ ಬಿಟ್ಟ. "ಓದ್ಲಿ ಅಪ್ಪಾ."

ಅಪ್ಪ ಅತ್ತೆಯನ್ನೊಮ್ಮೆ ನೋಡಿ, ನಿಧಾನವಾಗಿ ತಲೆಯಾಡಿಸಿದರು.

ಆಮೇಲೆ ಚಹಾ ಬಂತು. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಅದು ಒಲೆಯ ಮೇಲಿದ್ದಾಗಲೇ ಸಕ್ಕರೆಯ ನೆನಪಾಗಿ ನಾನು ಬಾಗಿಲವರೆಗೆ ಹೋಗಿದ್ದೆ. "ಇನ್ನೂ ಸಕ್ರಿ ಹಾಕಿಲ್ಲ" ಎನ್ನಬೇಕಿತ್ತು. "ಇನ್ನೂ" ಅಷ್ಟೇ ಎಂದಿದ್ದೆ.