ತಮಟೆ ಹೊಡೆಸಿದರೂ ಖಾಲಿಯಾಗದ ಅಂಗಡಿಗಳು

ಕೆಲವರಿಗೆ ಹೋದಲ್ಲೆಲ್ಲ ಬಸ್ಸು ತಪ್ಪುತ್ತದೆ, ಕೆಲವರಿಗೆ ಹೋದಲ್ಲೆಲ್ಲ ನಾಯಿ ಬೊಗಳುತ್ತದೆ. ನಾನು ಅಂಗಡಿ ಬಿಡಿಸಲು ಹೋದಲ್ಲೆಲ್ಲ ಏನಾದರೊಂದು ತಮಾಷೆ ನಡೆದೇ ನಡೆಯುತ್ತಿತ್ತು. ನಾನು ಕೋರ್ಟಿನಲ್ಲಿ ಅಮೀನನಾಗಿದ್ದೆ. ಅಮೀನ ಎಂದರೆ ಕೋರ್ಟಿನ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಜನರ ಬಾಗಿಲಿಗೆ ಹೋಗುವವನು. ಒಬ್ಬ ಅಂಗಡಿ ಮಾರುತ್ತಾನೆ, ಇನ್ನೊಬ್ಬ ಕೊಳ್ಳುತ್ತಾನೆ, ಒಳಗೆ ಕೂತವನು ಏಳುವುದಿಲ್ಲ. ಕೇಸು ನಡೆದು ನಡೆದು, ಲಾಯರುಗಳ ಮಕ್ಕಳೂ ಲಾಯರುಗಳಾಗುವ ಹೊತ್ತಿಗೆ, ಕೊಂಡವನಿಗೆ ಸ್ವಾಧೀನ ಕೊಡಿಸಿ ಎಂದು ಕೋರ್ಟು ವಾರಂಟು ಬರೆಯುತ್ತದೆ. ಆಗ ನಾನು ಹೋಗಿ, ಊರಿಗೆಲ್ಲ ಗೊತ್ತಾಗಲಿ ಎಂದು ತಮಟೆ ಹೊಡೆಸಿ, ಒಳಗಿದ್ದವನನ್ನು ಆಚೆ ಕಳಿಸಿ, ಕೊಂಡವನಿಗೆ ಬೀಗದ ಕೈ ಕೊಟ್ಟು, ರಸೀತಿಗೆ ರುಜು ಹಾಕಿಸಿಕೊಂಡು ಬರಬೇಕು.

ಕೇಳುವುದಕ್ಕೆ ಸುಲಭ. ಎಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ನನಗೆ ಎಷ್ಟೋ ಕಾಲ ಒಂದೇ ಒಂದು ಅಂಗಡಿ ಬಿಡಿಸಲು ಆಗಲಿಲ್ಲ. ನನ್ನ ಹೆಂಡತಿ ಬಂದವರ ಮುಂದೆಲ್ಲ, "ಹಿತ್ತಲಿಗೆ ಬಂದ ಪಕ್ಕದ್ಮನೆ ಕೋಳೀನೇ ಇವರ ಕೈಲಿ ಓಡ್ಸಕ್ಕಾಗಲ್ಲ, ಅಂಗಡಿ ಬಿಡಿಸ್ತಾರಂತೆ" ಎಂದು ನಗುತ್ತಿದ್ದಳು. ಅದನ್ನಾದರೂ ತಡೆದುಕೊಳ್ಳಬಹುದು. ಅಮೀನರಿಗೆಲ್ಲ ಮೇಲಿನವರಾದ, ಗೌರಿಬಿದನೂರು ಕೋರ್ಟಿನ ನಮ್ಮ ನಾಜರು ಮಾತ್ರ ನಗುವವರಲ್ಲ. "ನೋಡಪ್ಪ, ಒಂದು ಅಂಗಡಿ, ಒಂದೇ ಒಂದು ಅಂಗಡಿ ಬಿಡಿಸ್ಕೊಂಡು ಬಾ. ಇಲ್ದಿದ್ರೆ ಹಳೇ ಕಡತದ ಕೋಣೆಗೆ ಹಾಕಿಸ್ತೀನಿ. ಅಲ್ಲಿ ಇಲಿ ಬಿಡಿಸ್ಕೊಂಡಿರು" ಎಂದಿದ್ದರು. ನನಗೆ ಬೀದಿ ಬೇಕು, ಟೀ ಬೇಕು, ನಾಲ್ಕು ಜನರ ಮಾತು ಬೇಕು. ಕಿಟಕಿಯಿಲ್ಲದ ಆ ಕೋಣೆಯ ಮುಂದೆ ಹಾದುಹೋಗುವಾಗಲೂ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಗೌರಿಬಿದನೂರಿನ ಪಾತ್ರೆ ಅಂಗಡಿ

ಮೊದಲ ವಾರಂಟು ಗೌರಿಬಿದನೂರಿನ ಒಂದು ಪಾತ್ರೆ ಅಂಗಡಿಯದು. ಮಾರಿದವರು ಮಾರಿ ಊರು ಬಿಟ್ಟಿದ್ದರು, ಕೊಂಡವರು ಬಾಗಿಲಲ್ಲಿ ಕಾಯುತ್ತಿದ್ದರು, ಬಾಡಿಗೆಗಿದ್ದವರು ಗಲ್ಲಾಪೆಟ್ಟಿಗೆಯ ಹಿಂದೆ ಕದಲದೆ ಕೂತಿದ್ದರು. ನಾನು ಹೊಸ ಖಾಕಿ ಹಾಕಿಕೊಂಡು, ಬಿಲ್ಲೆ ಉಜ್ಜಿಕೊಂಡು, ಸಂತೆಯ ದಿನವೇ ಹೋದೆ. ಜನ ಹೆಚ್ಚಿದ್ದಷ್ಟೂ ಕೋರ್ಟಿಗೆ ಮರ್ಯಾದೆ ಎಂದು ನನ್ನ ಲೆಕ್ಕಾಚಾರ.

ತಮಟೆಗೆ ಬಂದಿದ್ದ ಹಿರಿಯರನ್ನು ಎಲ್ಲರೂ ತಮಟೆಯಣ್ಣ ಎನ್ನುತ್ತಿದ್ದರು. "ಅಣ್ಣ, ಕೋರ್ಟಿನ ಕೆಲಸ. ಸ್ವಲ್ಪ ಗಂಭೀರವಾಗಿರೋದು ಹೊಡಿ" ಎಂದೆ.

"ಗಂಭೀರ ಅಂದ್ರೆ ಸಾವಿಂದು ಸ್ವಾಮಿ. ನಡೆಯೋ ಅಂಗಡಿ ಮುಂದೆ ಅದನ್ನ ಹೊಡೆಯಾಕಾಗ್ತದಾ? ಮದ್ವೇದು ಹೊಡೀತೀನಿ ಬಿಡಿ" ಎಂದು ಶುರುಮಾಡಿಯೇಬಿಟ್ಟರು.

ಹೊಡೆತ ಎಷ್ಟು ಚೆನ್ನಾಗಿತ್ತೆಂದರೆ ಸಂತೆಯ ಅರ್ಧ ಜನ ಅಲ್ಲಿಗೇ ಬಂದರು. ಮದುವೆಗಳ ಕಾಲ ಬೇರೆ. ಪಾತ್ರೆ ಅಂಗಡಿಯ ಮುಂದೆ ತಮಟೆ ಎಂದರೆ ದರ ಇಳಿಸಿದ್ದಾರೆ ಎಂದೇ ಎಲ್ಲರ ಅರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಂಗಸರು ಒಳಗೆ ನುಗ್ಗಿದರು, ನನ್ನನ್ನೂ ಒಳಕ್ಕೆ ನೂಕಿಕೊಂಡು ಹೋದರು. "ಇದು ಕೋರ್ಟಿನ ಆದೇಶ!" ಎಂದು ವಾರಂಟು ಎತ್ತಿ ಹಿಡಿದು ಕೂಗಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಆದೇಶ ಆಮೇಲೆ ಕೊಡಪ್ಪ, ಉದ್ದಕ್ಕಿದ್ದೀಯ, ಮೊದ್ಲು ಆ ಮೇಲಿನ ಕೊಳಗ ಇಳಿಸ್ಕೊಡು" ಎಂದರು. ಇಳಿಸಿಕೊಟ್ಟೆ. ಆಮೇಲೆ ಇನ್ನೊಬ್ಬರಿಗೆ ಹಂಡೆ ಇಳಿಸಿಕೊಟ್ಟೆ. ಅಂಗಡಿ ಕೊಂಡವರ ಹೆಂಡತಿಯೇ ಒಂದು ಇಡ್ಲಿ ಪಾತ್ರೆ ಆರಿಸಿಕೊಂಡು, ಇನ್ನೂ ಸ್ವಲ್ಪ ಬಿಡಿ ಎಂದು ಬಾಡಿಗೆದಾರರ ಹತ್ತಿರ ಚೌಕಾಸಿ ಮಾಡುತ್ತಿದ್ದರು.

ಗುಂಪು ಕರಗುವ ಹೊತ್ತಿಗೆ ಸಂಜೆಯಾಗಿತ್ತು, ಕೋರ್ಟಿನ ವೇಳೆ ಮುಗಿದಿತ್ತು. ಬಾಡಿಗೆದಾರರು ಬೆವರು ಒರೆಸಿಕೊಳ್ಳುತ್ತ ನನ್ನ ಎರಡೂ ಕೈ ಹಿಡಿದುಕೊಂಡು, "ಅಮೀನ್ರೇ, ಇಷ್ಟು ವರ್ಷದಲ್ಲಿ ಇಂಥ ವ್ಯಾಪಾರ ಕಂಡಿರ್ಲಿಲ್ಲ. ದಯವಿಟ್ಟು ಪ್ರತಿ ಸಂತೆಗೂ ಬಂದು ನನ್ನ ಬಿಡಿಸಿ!" ಎಂದರು.

ಚಿಕ್ಕಬಳ್ಳಾಪುರದ ಕೆನ್ನೆ

ಮುಂದೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಅಲ್ಲಿ ಒಂದು ಕ್ಷೌರದಂಗಡಿಯ ಜಗಳ. ಅಂಗಡಿ ಕೊಂಡವರು ಶಟರಿಗೆ ಒಂದು ಬೀಗ ಜಡಿದಿದ್ದರು. ಮಾರಿದವರು ಪೂರ್ತಿ ಹಣ ಬಂದಿಲ್ಲವೆಂದು ಇನ್ನೊಂದು ಬೀಗ ಜಡಿದಿದ್ದರು. ಬಾಡಿಗೆಗಿದ್ದ ಕ್ಷೌರಿಕರು, ನನ್ನ ಕುರ್ಚಿ ಕನ್ನಡಿ ಒಳಗಿವೆ, ನನ್ನದೂ ಒಂದಿರಲಿ ಎಂದು ತಮ್ಮದನ್ನೂ ಸೇರಿಸಿದ್ದರು. ವರ್ಷಗಟ್ಟಲೆ ಶಟರ್ ಎದ್ದಿರಲಿಲ್ಲ. ಯಾವ ಬೀಗ ಮೊದಲು ಬಿತ್ತು ಎಂದು ಲಾಯರುಗಳು ವಾದ ಮಾಡಿದ್ದೇ ಮಾಡಿದ್ದು. ಕೊನೆಗೆ ಕೊಂಡವರು ಗೆದ್ದರು.

ಬೀಗ ಒಡೆಯಲು ಕಮ್ಮಾರರನ್ನು ಕರೆದುಕೊಂಡು ಹೋದೆ. ಖುಷಿಯಾಗಿತ್ತು ನನಗೆ, ಒಳಗೆ ಯಾರೂ ಇಲ್ಲದ ಅಂಗಡಿಯನ್ನು ಬಿಡಿಸುವುದರಲ್ಲಿ ಏನು ಕಷ್ಟ? ಬೀಗಗಳು ಒಡೆದವು. ತುಕ್ಕು ಹಿಡಿದ ಶಟರನ್ನು ಎಲ್ಲರೂ ಸೇರಿ ಹೋ ಎಂದು ಮೇಲಕ್ಕೆ ಎತ್ತಿದೆವು.

ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ರೇಡಿಯೋ ಹಾಡುತ್ತಿತ್ತು. ಬೆಂಚಿನ ಮೇಲೆ ಸಾಲಾಗಿ ಕೂತವರು ಪೇಪರು ಓದುತ್ತಿದ್ದರು. ಮುಂದಿನ ಬಾಗಿಲಲ್ಲಿ ಮಿಕ್ಕವರೆಲ್ಲ ಬೀಗಕ್ಕೆ ಹೊಡೆದಾಡುತ್ತಿದ್ದಾಗ ಕ್ಷೌರಿಕರು ಹಿಂದಿನ ಗೋಡೆಗೆ ಬಾಗಿಲು ಇಟ್ಟುಕೊಂಡು, ಹಿಂದಿನ ಓಣಿಯಿಂದ ಇಷ್ಟು ವರ್ಷವೂ ಆರಾಮಾಗಿ ವ್ಯಾಪಾರ ನಡೆಸಿದ್ದರು.

ನಮಗೆ ಬಾಯಿ ಕಟ್ಟಿಹೋದದ್ದು ಅದಕ್ಕಲ್ಲ. ದೊಡ್ಡ ಕುರ್ಚಿಯಲ್ಲಿ ಒರಗಿ, ಒಂದು ಕೆನ್ನೆ ನುಣ್ಣಗಾಗಿ, ಇನ್ನೊಂದು ಕೆನ್ನೆಗೆ ನೊರೆ ಬಳಿದುಕೊಂಡು ಕೂತಿದ್ದವರು ಅಂಗಡಿ ಕೊಂಡವರ ಲಾಯರು.

"ಸಾರ್, ನೀವಾ?" ಎಂದರು ಕೊಂಡವರು.

ಲಾಯರು ಉತ್ತರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲಿರಲಿಲ್ಲ, ಕತ್ತಿ ಗಂಟಲ ಮೇಲಿತ್ತು. ಕ್ಷೌರಿಕರು ಕೈಯನ್ನು ಹಾಗೆಯೇ ನಿಲ್ಲಿಸಿ, ಬಹಳ ವಿನಯದಿಂದ ನನ್ನನ್ನು ಕೇಳಿದರು: "ಅಮೀನ್ ಸಾಹೇಬ್ರೇ, ಅಂಗಡಿ ಈವಾಗ್ಲೇ ಬಿಡ್ಬೇಕಾ, ಇಲ್ಲಾ ಒಂದಿಷ್ಟು ಟೈಮ್ ಸಿಗ್ತದಾ? ನಿಮ್ಮ ಲಾಯರ್ ಸಾಹೇಬ್ರು ಏನಂತಾರೋ ಹಂಗೇ ಮಾಡಣ."

ಲಾಯರು ತುಟಿ ಅಲ್ಲಾಡಿಸದೆ, "ಕೊಡ್ರಪ್ಪ... ಎಷ್ಟು ಬೇಕಾದ್ರೂ ಟೈಮ್ ಕೊಡಿ" ಎಂದರು. ಇಡೀ ಕೇಸಿನಲ್ಲಿ ಅವರು ಎದುರು ಪಕ್ಷದ ಬೇಡಿಕೆಗೆ ತಕರಾರಿಲ್ಲದೆ ಒಪ್ಪಿದ್ದು ಅದೊಂದೇ ಸಲ.

ಚಿಂತಾಮಣಿಯ ಒಳ್ಳೆಯ ಹೊತ್ತು

ಚಿಂತಾಮಣಿಯಲ್ಲಿ ಹುಣಸೆಹಣ್ಣಿನ ಮಂಡಿ. ಒಳಗಿದ್ದ ಯಜಮಾನರು ಮಾತನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಶುಕ್ರವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮಂಡಿ ಪೂರಾ ಖಾಲಿ ಮಾಡಿ, ಗುಡಿಸಿ, ನೀರು ಹಾಕಿ, ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಂಡಿ ಕೊಂಡವರು ಬಲಗಾಲು ಎತ್ತಿ ಹೊಸ್ತಿಲ ಮೇಲಿಡಬೇಕು, ಅಷ್ಟರಲ್ಲಿ ಯಜಮಾನರು ಗೋಡೆಯ ಕ್ಯಾಲೆಂಡರು ನೋಡಿ ಗಾಬರಿಯಾದರು.

"ಅಯ್ಯೋ ದೇವುಡಾ! ಆಗಂಡಿ, ನಿಲ್ಲಿ! ಈವಾಗ ರಾಹುಕಾಲ ಅಲ್ವಾ!"

ಎತ್ತಿದ ಕಾಲು ಹಾಗೆಯೇ ಹಿಂದಕ್ಕೆ ಹೋಯಿತು.

"ಕೋರ್ಟಿಗೆ ರಾಹುಕಾಲ ಇಲ್ಲ ಸ್ವಾಮಿ, ಕಾಲಿಡಿ" ಎಂದು ಅಂಗಲಾಚಿದೆ.

"ನಿಮ್ಮ ಕೋರ್ಟಿಗಿಲ್ಲ ಕಣ್ರೀ, ನಾಳೆಯಿಂದ ಒಳಗೆ ವ್ಯಾಪಾರ ಮಾಡೋನು ನಾನು" ಎಂದು ಕೊಂಡವರು ಕಟ್ಟೆಯ ಮೇಲೆ ಕೂತೇಬಿಟ್ಟರು. ತಮ್ಮ ಒಳ್ಳೆಯದಕ್ಕೆಂದೇ ಇಷ್ಟು ಕಾಳಜಿ ಮಾಡುವ ಯಜಮಾನರ ಮೇಲೆ ಅವರಿಗೆ ಗೌರವವೇ ಬಂದಿತ್ತು. ಯಜಮಾನರು ಸೋಡಾ ತರಿಸಿದರು, ಕಡ್ಲೆಮಿಠಾಯಿ ತರಿಸಿದರು, ಮಗಳ ಮದುವೆ ಯಾವಾಗ ಎಂದು ವಿಚಾರಿಸಿದರು. ಮಾತು ಸೊಗಸಾಗಿ ನಡೆಯಿತು.

ರಾಹುಕಾಲ ಮುಗಿಯಿತು. ಕೊಂಡವರು ಎದ್ದು ಪಂಚೆ ಕೊಡವಿಕೊಂಡರು. ಅದೇ ಹೊತ್ತಿಗೆ ಕೋಲಾರದ ಬಸ್ಸು ಬಂದು ನಿಂತು, ಅದರಿಂದ ಯಜಮಾನರ ಬಾಮೈದ ಇಳಿದ. ಕೈಯಲ್ಲಿ ಮೇಲಿನ ಕೋರ್ಟಿನ ತಡೆಯಾಜ್ಞೆ. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟು, ಕೊಂಡವರ ಕಡೆ ತಿರುಗಿ, "ಚೂಶಾರಾ ಸ್ವಾಮಿ? ನೋಡಿದ್ರಾ? ರಾಹುಕಾಲ ಕಳೆದ್ಮೇಲೆ ಎಲ್ಲಾ ಒಳ್ಳೇದೇ ಆಗೋದು!" ಎಂದರು.

ಶಿಡ್ಲಘಟ್ಟದ ರೇಷ್ಮೆ ಶೆಡ್ಡು

ತೊಂಬತ್ತರ ದಶಕದಲ್ಲಿ ಶಿಡ್ಲಘಟ್ಟಕ್ಕೆ ಬಂದೆ. ಬೇಯುವ ರೇಷ್ಮೆಗೂಡಿನ ವಾಸನೆ ಬಸ್ ಸ್ಟ್ಯಾಂಡಿನಲ್ಲೇ ಎದುರುಗೊಂಡಿತು. ಕೋರ್ಟಿನಲ್ಲಿ ಎದುರುಗೊಂಡವರು ಗೌರಿಬಿದನೂರಿನ ಅದೇ ನಾಜರು. "ಬಂದ್ಯಾ? ಕಡತದ ಕೋಣೆ ಗುಡಿಸಿ ಇಟ್ಟಿದ್ದೀನಿ. ಇದೊಂದು ಕೊನೇ ವಾರಂಟು" ಎಂದು ಕೈಗಿಟ್ಟರು.

ಅದು ಗೂಡಿನಿಂದ ನೂಲು ತೆಗೆಯುವ ಒಂದು ಶೆಡ್ಡು. ಮಾರಿದವರು ಊರೆಲ್ಲ ಚಾಚಾ ಎನ್ನುತ್ತಿದ್ದ ವಯಸ್ಸಾದ ರೀಲರು. ಕೊಂಡವನು ಸಾದಲಿ ಕಡೆಯವನು, ಹುಡುಗನಾಗಿದ್ದಾಗ ಅದೇ ಶೆಡ್ಡಿನಲ್ಲಿ ಅದೇ ಚಾಚಾನ ಕೈಕೆಳಗೆ ಚರಕ ತಿರುಗಿಸಿ ಕೆಲಸ ಕಲಿತವನು. ನೂಲು ತೆಗೆಯಲು ಇಬ್ಬರು ಬೇಕು. ಒಬ್ಬರು ಕುದಿಯುವ ಬಾಣಲೆಯ ಮುಂದೆ ಕೂತು ಗೂಡಿನ ಎಳೆ ಹಿಡಿದು ಕೊಡಬೇಕು, ಇನ್ನೊಬ್ಬರು ಚರಕ ತಿರುಗಿಸಬೇಕು. ಕ್ರಯಪತ್ರವಾಗಿ ವರ್ಷಗಳಾದರೂ ಚಾಚಾ ಬಾಣಲೆಯ ಮುಂದಿನಿಂದ ಎದ್ದಿರಲಿಲ್ಲ. ಕೇಸು ಹತ್ತಿದ ಮೇಲೆ ಇಬ್ಬರಿಗೂ ಮಾತಿಲ್ಲ. ತಾನು ಕೊಂಡ ಶೆಡ್ಡಿನ ಮುಂದೆಯೇ ಆ ಮನುಷ್ಯ ಸೈಕಲ್ಲಿನಲ್ಲಿ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದ.

ನಾವು ಹೋದಾಗ ಬಾಣಲೆಯಲ್ಲಿ ಗೂಡು ಬೇಯುತ್ತಿತ್ತು. ಹೊರಗೆ ಆ ಊರಿನ ತಮಟೆಯಣ್ಣ ಒಂದು ಸುತ್ತು ಹೊಡೆದದ್ದೇ ತಡ, ನನ್ನ ಖಾಕಿ ಕಂಡು ಪೊಲೀಸರು ಬಂದರೆಂದು ಚರಕದವನೂ ಸೇರಿ ಕೂಲಿಯವರೆಲ್ಲ ಹಿಂಬಾಗಿಲಿನಿಂದ ಮಾಯವಾದರು. ಚಾಚಾ ಒಬ್ಬರೇ ಉಳಿದರು. ನಾನು ವಾರಂಟು ಓದತೊಡಗಿದೆ. ಕೊಂಡವನು ಬಾಗಿಲಲ್ಲೇ ನಿಂತು ಬಾಣಲೆಯನ್ನೇ ನೋಡುತ್ತಿದ್ದ.

"ಚಾಚಾ, ಗೂಡು ಜಾಸ್ತಿ ಬೇಯ್ತಾ ಇದೆ" ಎಂದ.

"ಬೇಯ್ಲಿ ಬಿಡು. ಶೆಡ್ ನಿಂದು, ಗೂಡು ನಂದು. ನಿಂಗ್ಯಾಕೆ?"

"ಒಳ್ಳೇ ಗೂಡು ಚಾಚಾ. ಹಾಳಾಗ್ತದೆ."

ಕೊಂಡವನು ಒಂದು ಗಳಿಗೆ ಒದ್ದಾಡಿದ. ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಹೋಗಿ ಚರಕದ ಮುಂದೆ ಕೂತ.

"ಏನ್ರೀ ಇದು, ಮೊದ್ಲು ಸ್ವಾಧೀನ ತಗೊಳ್ಳಿ!" ಎಂದೆ.

"ನೀವು ಸುಮ್ನಿರಿ ಅಮೀನ್ರೇ!" ಎಂದರು ಇಬ್ಬರೂ. ಕೇಸು ಶುರುವಾದ ಮೇಲೆ ಅವರಿಬ್ಬರೂ ಒಟ್ಟಿಗೆ ಒಪ್ಪಿದ ಮೊದಲ ಮಾತು ಅದು.

ಚರಕ ತಿರುಗಿತು, ಅದರ ಜೊತೆಗೆ ಜಗಳವೂ ತಿರುಗಿತು.

"ನಿಧಾನ ಕಣೋ, ಎಳೆ ಕಿತ್ತೋಗ್ತದೆ. ಅವತ್ತೂ ಇದೇ ಅವಸರ ನಿಂದು."

"ಅವತ್ತೂ ಇದೇ ಬೈಗುಳ ನಿಮ್ಮದು."

"ಬೈದಿದ್ದಕ್ಕೇ ಕಲ್ತೆ. ಅಮೀನ್ರೇ, ಸುಮ್ನೆ ನಿಂತಿದ್ದೀರಲ್ಲ, ಒಲೆಗೆ ಸೌದೆ ತಳ್ಳಿ!"

ಖಾಕಿ ತೊಟ್ಟು, ಬಿಲ್ಲೆ ಹಾಕಿಕೊಂಡು, ಕೋರ್ಟಿನ ಪ್ರತಿನಿಧಿಯಾದ ನಾನು ಕುಕ್ಕರುಗಾಲಲ್ಲಿ ಕೂತು ಸೌದೆ ತಳ್ಳಿದೆ. ತಮಟೆಯಣ್ಣ ತಮಟೆಯನ್ನು ಗೋಡೆಗೆ ಒರಗಿಸಿ ನೀರು ತಂದು ಹಾಕಿದರು. ಬಾಣಲೆ ಮುಗಿಯುವ ಹೊತ್ತಿಗೆ ಚರಕದ ಮೇಲೆ ಹೊಂಬಣ್ಣದ ನೂಲು ಮಿನುಗುತ್ತಿತ್ತು. ಚಾಚಾ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಶೆಡ್ ಮಾರಿದ್ದೀನಿ ಬೇಟಾ, ಇಲ್ಲ ಅನ್ನಲ್ಲ. ಆದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಹೇಳು? ಅದನ್ನ ಯಾವ ಲಾಯರೂ ಪತ್ರದಲ್ಲಿ ಬರೀಲಿಲ್ಲ."

ಕೊಂಡವನು ಚರಕದ ಹಿಡಿ ಸವರಿದ. "ಇಲ್ಲಿಗೇ ಬನ್ನಿ ಚಾಚಾ. ಬೀಗದ ಕೈ ನನ್ನ ಹತ್ರ ಇರ್ಲಿ. ಬಾಣಲೆ ಮುಂದೆ ನೀವೇ ಕೂತ್ಕೊಳ್ಳಿ" ಎಂದ.

"ಚರಕ ಯಾರು ತಿರುಗಿಸ್ತಾರೆ?"

"ಇನ್ಯಾರು? ನಾನೇ."

ಒಲೆಯ ಹೊಗೆ ಎಂದುಕೊಂಡು ನಾನು ಕಣ್ಣು ಒರೆಸಿಕೊಂಡೆ. ಚಾಚಾ ಸೊಂಟದಿಂದ ಬೀಗದ ಕೈ ಬಿಚ್ಚಿ ನನಗೆ ಕೊಟ್ಟರು, ನಾನು ಕೊಂಡವನಿಗೆ ಕೊಟ್ಟೆ, ಅವನು ಒದ್ದೆ ಕೈಯಲ್ಲೇ ರಸೀತಿಗೆ ರುಜು ಹಾಕಿದ. ಸಂತೋಷ ತಡೆಯಲಾರದೆ, "ಅಣ್ಣ, ಈಗ ಮದ್ವೇದು ಹೊಡಿ!" ಎಂದೆ. ಆ ಸದ್ದಿಗೆ ಓಡಿಹೋಗಿದ್ದ ಕೂಲಿಯವರೂ ವಾಪಸು ಬಂದರು. ಎಲ್ಲರಿಗೂ ಟೀ ಬಂತು. ನಾನು ಟೀಗೂ ನಿಲ್ಲದೆ ಕೋರ್ಟಿಗೆ ಓಡಿದೆ.

ನಾಜರು ಕನ್ನಡಕ ಏರಿಸಿ, ಸ್ವಾಧೀನ ಕೊಡಲಾಗಿದೆ ಎಂಬುದನ್ನು ಮತ್ತೆ ಮತ್ತೆ ಓದಿದರು. "ಭೇಷ್ ಕಣಯ್ಯ! ಅಂತೂ ಆ ಚಾಚಾ ಆಚೆ ಬಂದ್ರು ಅನ್ನು."

"ಇಲ್ಲ ಸಾರ್, ಒಳಗೇ ಬಾಣಲೆ ಮುಂದೆ ಕೂತಿದ್ದಾರೆ."

"ಮತ್ತೆ ಕೊಂಡೋನು?"

"ಅವನೂ ಒಳಗೇ ಸಾರ್, ಚರಕ ತಿರುಗಿಸ್ತಾ ಇದ್ದಾನೆ."

"ಕೂಲಿಯೋರು?"

"ಓಡೋಗಿದ್ರು ಸಾರ್, ತಮಟೆ ಕೇಳಿ ಒಳಗೆ ಬಂದ್ರು."

"ಆ ತಮಟೆಯಣ್ಣನಾದ್ರೂ ಬಂದನೇನಯ್ಯ?"

"ಅವರು ಅಲ್ಲೇ ಟೀ ಕುಡೀತಿದ್ದಾರೆ ಸಾರ್."

ನಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಯ್ಯ, ಹಂಗಾದ್ರೆ ಆ ಶೆಡ್ಡಿಂದ ಬಿಡಿಸ್ಕೊಂಡು ಬಂದಿದ್ದು ಯಾರನ್ನ?"

"ನನ್ನೊಬ್ಬನ್ನೇ ಸಾರ್."